ಗುಡಿಗಿಂತ ಮೊದಲು ಕೆರೆ: ಮಕ್ಕಳೊಂದಿಗೆ ಹೊಯ್ಸಳ ನಾಡಿನಲ್ಲಿ ಎರಡು ದಿನ

ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ಮುಗಿಸುವುದು ಬಹಳ ಕುಟುಂಬಗಳ ರೂಢಿ. ಸಂಜೆಯ ಹೊತ್ತಿಗೆ ಮಕ್ಕಳಿಗೆ ಯಾವ ಗುಡಿ ಎಲ್ಲಿತ್ತು ಎಂಬುದೇ ಮರೆತಿರುತ್ತದೆ. ಶ್ರವಣಬೆಳಗೊಳವನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ. ಎರಡು ದಿನ, ಮೂರು ಗುಡಿ, ಒಂದು ಹೊಲ ಸಾಕು.

ಮೊದಲು ಕಾಲ ಗೊತ್ತುಮಾಡಿಕೊಳ್ಳಿ. ರಾಗಿ, ಭತ್ತ ಕೊಯ್ಲಿಗೆ ಬರುವ ನವೆಂಬರ್ ಕೊನೆ, ಡಿಸೆಂಬರ್ ಒಳ್ಳೆಯದು. ಪರಿಚಯದವರ ಮೂಲಕ ಒಂದು ರೈತರ ಮನೆಯನ್ನು ಮುಂಚೆಯೇ ಕೇಳಿಕೊಳ್ಳಿ. ಹೇಳದೆ ಯಾರ ಹೊಲಕ್ಕೂ ಇಳಿಯಬಾರದು.

ಮೊದಲ ದಿನ ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಯಿಂದ ಆರಂಭಿಸಿ. ಇಲ್ಲಿನ ಲಕ್ಷ್ಮೀದೇವಿ ಗುಡಿಗೆ ನಾಲ್ಕು ಗರ್ಭಗುಡಿಗಳಿವೆ, ಪಕ್ಕದಲ್ಲೇ ಕೆರೆ. ಗುಡಿಯೊಳಗೆ ಹೋಗುವ ಮೊದಲು ಮಕ್ಕಳಿಗೆ ಕೆರೆಯನ್ನು ಓದಲು ಕಲಿಸಿ: ನೀರನ್ನು ತಡೆಯುವುದು ಏರಿ, ಗದ್ದೆಗೆ ಬಿಡುವುದು ತೂಬು, ಹೆಚ್ಚಾದದ್ದು ಹರಿದುಹೋಗುವುದು ಕೋಡಿ. ಇದನ್ನು ಅರಿಯದೆ ಗುಡಿ ಅರ್ಥವಾಗದು ಎಂಬುದು ನನ್ನ ಗಟ್ಟಿ ನಂಬಿಕೆ. ದೇವರಿಗೆ ಬಿಟ್ಟ ಭೂಮಿಯನ್ನು ಹೊಯ್ಸಳರ ಶಾಸನಗಳು ಗದ್ದೆ, ಬೆದ್ದಲು (ಮಳೆಯನ್ನೇ ನಂಬಿದ ಹೊಲ) ಎಂದು ಬೇರೆಬೇರೆಯಾಗಿ ಬರೆಯುತ್ತವೆ; ಗದ್ದೆ ಯಾವ ಕೆರೆಯ ಕೆಳಗಿದೆ ಎಂದೂ ಹೇಳುವುದುಂಟು. ಅಳತೆಯೂ ಸಲಗೆ, ಕೊಳಗಗಳಲ್ಲಿ, ಅಂದರೆ ಬಿತ್ತುವ ಬೀಜದ ಲೆಕ್ಕದಲ್ಲಿ. ಗುಡಿಯ ದೀಪಕ್ಕೆ ಎಣ್ಣೆ ಬಂದದ್ದು ಈ ನೆಲದ ದುಡಿಮೆಯಿಂದ.

ಮಧ್ಯಾಹ್ನದ ನಂತರ ಹೊಲ. ಬದುವಿನ ಮೇಲೆಯೇ ನಡೆಯಿರಿ. ಕುಡುಗೋಲು ಮಕ್ಕಳ ಕೈಗೆ ಬೇಡ. ಕೊಯ್ದ ತೆನೆಯನ್ನು ಒಟ್ಟುಮಾಡಿ ಸಿವುಡು ಕಟ್ಟಲು ಬಿಡಿ. ಅರ್ಧ ಗಂಟೆ ಬಗ್ಗಿ ಎದ್ದರೆ ಬೆನ್ನು ತಾನೇ ಪಾಠ ಹೇಳುತ್ತದೆ. ನಿಮಗಾಗಿ ಆ ಮನೆಯವರ ಅರ್ಧ ದಿನದ ಕೆಲಸ ನಿಲ್ಲುತ್ತದೆ, ಅದಕ್ಕೆ ಹಣ ಕೊಡಿ. ಮಾರುವುದಿದ್ದರೆ ರಾಗಿಯನ್ನೂ ಅವರಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ.

ಎರಡನೆಯ ದಿನ ಬೆಳಿಗ್ಗೆಯೇ ಬೇಲೂರು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನಿಗೆ ಇಂದಿಗೂ ಪೂಜೆ ನಡೆಯುತ್ತದೆ. ಚಪ್ಪಲಿ ಹೊರಗೆ ಬಿಡಬೇಕು, ಬಿಸಿಲೇರಿದರೆ ಕಲ್ಲು ಕಾಯುತ್ತದೆ; ಕಾಲುಚೀಲ ತನ್ನಿ. ಮದನಿಕೆಯರು ಎಂದರೆ ಇಲ್ಲಿನ ಕಲ್ಲಿನ ಹೆಣ್ಣು ಶಿಲ್ಪಗಳು; ಎಲ್ಲರನ್ನೂ ನೋಡುವ ಹಟ ಬೇಡ. ಪ್ರತಿ ಮಗುವೂ ಒಬ್ಬಳನ್ನು ಆರಿಸಿಕೊಂಡು ಚಿತ್ರ ಬರೆಯಲಿ. ಇಷ್ಟು ನವಿರು ಕೆತ್ತನೆ ಹೇಗೆ ಸಾಧ್ಯವಾಯಿತು ಎಂದು ಕೇಳಿದರೆ ಹೇಳಿ: ಇದು ಬಳಪದ ಕಲ್ಲು, ಅಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ.

ಹಳೇಬೀಡು ಅಲ್ಲಿಂದ ಸುಮಾರು 16 ಕಿಲೋಮೀಟರ್. ಹೊಯ್ಸಳೇಶ್ವರ ಗುಡಿಯ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ: ಭಾರ ಹೊರುವ ಆನೆಗಳ ಸಾಲು ತಳದಲ್ಲಿ, ಮೇಲೆ ಸಿಂಹ, ಬಳ್ಳಿ, ಕುದುರೆ, ಅದಕ್ಕೂ ಮೇಲೆ ರಾಮಾಯಣ, ಮಹಾಭಾರತದ ಕಥೆಗಳು. ಬಿಸಿಲು ಇಳಿದ ಮೇಲೆ ಹತ್ತಿರದ ಕೆರೆಗೆ ಹೋಗಿ. ಈ ಊರಿನ ಹಳೆಯ ಹೆಸರು ದೋರಸಮುದ್ರ. ಹೆಸರಿನಲ್ಲಿರುವ ಸಮುದ್ರ ಈ ಕೆರೆಯೇ. ಇಲ್ಲಿ ನೀವು ಏನನ್ನೂ ಹೇಳಬೇಡಿ. ಏರಿ ಎಲ್ಲಿದೆ, ತೂಬು ಯಾವ ಕಡೆ, ಕೋಡಿ ಎತ್ತ ಹರಿಯುತ್ತದೆ ಎಂಬುದನ್ನು ಮಕ್ಕಳೇ ಹುಡುಕಲಿ.