24 ಮೆಗಾಹರ್ಟ್ಜ್ ತಾನೇ ಅಂದುಕೊಂಡ ಬೋರ್ಡು

ನಾನು ಶಿರಸಿಯಲ್ಲಿ ಮನೆಯಿಂದಲೇ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್ ಡಿಸೈನ್ ಮಾಡುತ್ತೇನೆ. ಪಂಪ್ ಸ್ಟಾರ್ಟರ್, ಮಣ್ಣಿನ ತೇವ ಅಳೆಯುವ ಬೋರ್ಡ್, ಅಡಿಕೆ ಡ್ರೈಯರಿನ ಕಂಟ್ರೋಲರ್, ಹೀಗೆ. ಎಲ್ಲ ನಿಧಾನದ ಸಿಗ್ನಲ್‌ಗಳು. ಟ್ರೇಸ್, ಅಂದರೆ ಬೋರ್ಡ್ ಮೇಲಿನ ತಾಮ್ರದ ಗೆರೆ, ಹೇಗೆ ಎಳೆದರೂ ನಡೆಯುತ್ತಿತ್ತು. ಪಕ್ಕದ ಮನೆಯ ಮಾವ ಚಾಲಿ ಅಡಿಕೆ ವಿಂಗಡಿಸುವ ಯಂತ್ರಕ್ಕೊಂದು ಕ್ಯಾಮೆರಾ ಬೋರ್ಡ್ ಬೇಕು ಅಂದಾಗ ಅದೇ ಧೈರ್ಯದಲ್ಲಿ ಒಪ್ಪಿಕೊಂಡೆ.

ಒಂದು ಕ್ಯಾಮೆರಾ ಸೆನ್ಸರ್, ಅದರಿಂದ 8 ಡೇಟಾ ಟ್ರೇಸ್, ಡೇಟಾ ಯಾವಾಗ ಓದಬೇಕು ಅಂತ ತಾಳ ಹಾಕುವ ಒಂದು ಪಿಕ್ಸೆಲ್ ಕ್ಲಾಕ್, ಆ ಕಡೆ ಮೈಕ್ರೋಕಂಟ್ರೋಲರ್. ಕ್ಲಾಕ್ 24 ಮೆಗಾಹರ್ಟ್ಜ್. ಇದೇನು ಜಾಸ್ತಿ ಸ್ಪೀಡ್ ಅಲ್ಲ ಅಂತ ಸಾಮಾನ್ಯ ಎರಡು ತಾಮ್ರದ ಲೇಯರ್‌ನ 1.6 ಮಿ.ಮೀ. ಬೋರ್ಡ್ ಮಾಡಿಸಿದೆ.

ಚಿತ್ರ ಬಂತು. ಆದರೆ ಕೆಲವು ಸಾಲುಗಳು ಪಕ್ಕಕ್ಕೆ ಜಾರಿದ್ದವು. ಜಾರಿದ ಕಡೆಯಿಂದ ಮುಂದೆ ಬಣ್ಣವೇ ಬೇರೆ: ಗುಲಾಬಿ, ಹಸಿರು. ಮಾವ ಲ್ಯಾಪ್‌ಟಾಪ್ ನೋಡಿ, "ಎಂತದೋ ತಮಾ ಇದು, ಚಾಲಿ ಗುಲಾಬಿ ಆಜಲಾ!" ಅಂದರು.

ಎರಡು ವಾರ ಪ್ರೋಗ್ರಾಮ್ ತಿದ್ದುತ್ತಾ ಕೂತೆ. ಕೊನೆಗೆ ಕ್ಲಾಕನ್ನು 12 ಮೆಗಾಹರ್ಟ್ಜ್‌ಗೆ ಇಳಿಸಿದೆ. ತಪ್ಪು ಹಾಗೇ ಇತ್ತು! ಸ್ಪೀಡ್ ಅರ್ಧ ಮಾಡಿದರೂ ಹೋಗದ ತಪ್ಪು ಪ್ರೋಗ್ರಾಮಿನದ್ದಲ್ಲ ಅಂತ ಆಗ ಅನುಮಾನ ಬಂತು.

ನನ್ನ ಹತ್ತಿರ ಇದ್ದದ್ದು 100 ಮೆಗಾಹರ್ಟ್ಜ್ ಸ್ಕೋಪ್, ಸಿಗ್ನಲ್ಲಿನ ಅಲೆಯನ್ನು ಪರದೆಯಲ್ಲಿ ತೋರಿಸುವ ಉಪಕರಣ. 0.35 ಅನ್ನು ಈ 100 ಮೆಗಾಹರ್ಟ್ಜ್ ಬ್ಯಾಂಡ್‌ವಿಡ್ತ್‌ನಿಂದ ಭಾಗಿಸಿದರೆ ಅದು ತೋರಿಸಬಲ್ಲ ಅತಿ ಚುರುಕಾದ ಎಡ್ಜ್, ಅಂದರೆ ಸಿಗ್ನಲ್ ಏರುವ ಅಥವಾ ಇಳಿಯುವ ಹೊತ್ತು, ಸಿಗುತ್ತದೆ. ಇದಕ್ಕೆ 3.5 ನ್ಯಾನೋಸೆಕೆಂಡ್. ಅದಕ್ಕಿಂತ ಚುರುಕಾದದ್ದೆಲ್ಲ ಅದರಲ್ಲಿ ಮೊಂಡಾಗಿಯೇ ಕಾಣುತ್ತದೆ. ಹುಬ್ಬಳ್ಳಿಯ ಗೆಳೆಯರೊಬ್ಬರ ಲ್ಯಾಬಿನಲ್ಲಿ 500 ಮೆಗಾಹರ್ಟ್ಜ್ ಸ್ಕೋಪ್ ಇತ್ತು. ಬೋರ್ಡ್ ಹಿಡಿದು ಬೆಳಗಿನ ಬಸ್ ಹತ್ತಿದೆ.

ಅಲ್ಲೂ ಮೊದಲು ಎಡವಿದೆ. ಪ್ರೋಬಿನ ಉದ್ದನೆಯ ಕ್ರೊಕೊಡೈಲ್ ಕ್ಲಿಪ್ಪನ್ನೇ ಗ್ರೌಂಡಿಗೆ ಹಾಕಿದ್ದೆ. ಆ ವೈರ್ ತಾನೇ ಇಂಡಕ್ಟರ್ ಆಗಿ ಇಲ್ಲದ ರಿಂಗಿಂಗನ್ನೂ (ಅಲೆಯ ನಡುಗುವಿಕೆ) ತೋರಿಸುತ್ತದೆ. ಕ್ಲಿಪ್ ತೆಗೆದು, ಪ್ರೋಬಿನ ತುದಿಗೆ ಪುಟ್ಟ ಸ್ಪ್ರಿಂಗ್ ಹಾಕಿ, ಪಕ್ಕದಲ್ಲೇ ಗ್ರೌಂಡಿಗೆ ತಾಗಿಸಿದ ಮೇಲೆ ನಿಜವಾದ ಅಲೆ ಕಂಡಿತು. ಎಡ್ಜ್ 1.2 ನ್ಯಾನೋಸೆಕೆಂಡ್. ಕ್ಲಾಕ್ ಸೊನ್ನೆಗೆ ಇಳಿದು ಮತ್ತೆ 1.5 ವೋಲ್ಟ್‌ವರೆಗೆ ಪುಟಿಯುತ್ತಿತ್ತು. 3.3 ವೋಲ್ಟ್‌ನ ಚಿಪ್‌ಗೆ ಸುಮಾರು 1 ವೋಲ್ಟ್ ದಾಟಿದರೆ ಅದು ಸೊನ್ನೆ ಅನ್ನುವ ಖಾತ್ರಿ ಇಲ್ಲ. ಒಂದು ಕ್ಲಾಕ್ ಎರಡಾಗಿ ಎಣಿಕೆಯಾಗುತ್ತಿತ್ತು. ಒಂದು ಬೈಟ್ ಹೆಚ್ಚಾಯಿತು, ಸಾಲು ಜಾರಿತು, ಬಣ್ಣ ಅದಲುಬದಲಾಯಿತು.

ಇಲ್ಲಿ ನೋಡಬೇಕಾದದ್ದು ಎಡ್ಜ್ ಎಷ್ಟು ಚುರುಕು ಅನ್ನುವುದನ್ನು. ಸೆಕೆಂಡಿಗೆ ಎಷ್ಟು ಸಲ ಬಡಿಯುತ್ತದೆ ಅನ್ನುವುದು ಆಮೇಲಿನ ಮಾತು. ಎಫ್‌ಆರ್4, ಅಂದರೆ ಸಾಮಾನ್ಯ ಗ್ಲಾಸ್‌ಫೈಬರ್ ಬೋರ್ಡಿನಲ್ಲಿ ಸಿಗ್ನಲ್ ಒಂದು ನ್ಯಾನೋಸೆಕೆಂಡಿಗೆ ಸುಮಾರು 15 ಸೆಂ.ಮೀ. ಓಡುತ್ತದೆ. ನನ್ನ ಎಡ್ಜ್ ಮುಗಿಯುವಷ್ಟರಲ್ಲಿ 18 ಸೆಂ.ಮೀ. ಅದರ ಆರನೇ ಒಂದು ಭಾಗ, ಅಂದರೆ 3 ಸೆಂ.ಮೀ. ದಾಟಿದ ಟ್ರೇಸನ್ನು ಬರೀ ತಂತಿ ಅಂದುಕೊಳ್ಳಬಾರದು. ಅದು ಟ್ರಾನ್ಸ್‌ಮಿಷನ್ ಲೈನ್, ತುದಿಗೆ ಬಡಿದ ಸಿಗ್ನಲ್ ಅಲೆಯಂತೆ ಹಿಂದಕ್ಕೆ ಪುಟಿಯಬಲ್ಲ ದಾರಿ. ನನ್ನದು 9 ಸೆಂ.ಮೀ. ಇತ್ತು.

ಅದಕ್ಕಿಂತ ದೊಡ್ಡ ತಪ್ಪು ಕೆಳಗಿತ್ತು. ಎಲ್‌ಇಡಿ ದೀಪಕ್ಕೆ ಹೋಗುವ 12 ವೋಲ್ಟ್ ಗೆರೆಯನ್ನು ಕೆಳಗಿನ ಲೇಯರ್‌ನಲ್ಲಿ, ಕ್ಯಾಮೆರಾ ಟ್ರೇಸ್‌ಗಳಿಗೆ ಸರೀ ಅಡ್ಡವಾಗಿ ಎಳೆದಿದ್ದೆ. ಗ್ರೌಂಡ್ ತಾಮ್ರ ಅಲ್ಲಿ ಎರಡು ಹೋಳಾಗಿತ್ತು. ಹೋದ ಕರೆಂಟ್ ವಾಪಸ್ ಬರಲೇಬೇಕು ಅಲ್ವಾ? ಚುರುಕಾದ ಸಿಗ್ನಲ್ಲಿನದ್ದು ಟ್ರೇಸಿನ ನೇರ ಕೆಳಗೇ ವಾಪಸ್ ಬರುತ್ತದೆ. ಅಲ್ಲಿ ದಾರಿ ಇಲ್ಲದಿದ್ದರೆ ಸುತ್ತಿ ಬರುತ್ತದೆ, ಪಕ್ಕದ ಸಿಗ್ನಲ್ಲನ್ನೂ ಕೆಡಿಸುತ್ತದೆ. ತೋಟದ ಬಸಿಗಾಲುವೆಗೆ ಮಣ್ಣು ಕುಸಿದಾಗ ನೀರು ಪಕ್ಕದ ಸಾಲಿಗೆ ನುಗ್ಗುತ್ತದಲ್ಲ, ಹಾಗೆ.

ಹೊಸ ಬೋರ್ಡಿಗೆ ಮೊದಲು ಹಳೆಯದರಲ್ಲೇ ಪರೀಕ್ಷಿಸಿದೆ. 12 ವೋಲ್ಟ್ ಗೆರೆ ಕತ್ತರಿಸಿ, ದೀಪಕ್ಕೆ ಬೇರೆ ವೈರ್ ಕೊಟ್ಟು, ಸೀಳಿನ ಮೇಲೆ ತಾಮ್ರದ ಟೇಪ್ ಹಾಕಿ ಸೋಲ್ಡರ್ ಮಾಡಿದೆ. ಕ್ಲಾಕ್ ಟ್ರೇಸನ್ನು ಸೆನ್ಸರಿನ ಹತ್ತಿರವೇ ಕತ್ತರಿಸಿ ನಡುವೆ ರೆಸಿಸ್ಟರ್ ಕೂರಿಸಿದೆ. 22 ಓಮ್‌ಗೆ ಪುಟಿತ ಪೂರ್ತಿ ಹೋಗಲಿಲ್ಲ. 47ಕ್ಕೆ ಎಡ್ಜ್ ಸೋಮಾರಿಯಾಯಿತು. 33 ಸರಿಹೋಯಿತು. ಗುಲಾಬಿ ಅಡಿಕೆ ಮಾಯವಾದ ಆ ರಾತ್ರಿ ನನಗೆ ಖುಷಿಯಲ್ಲಿ ನಿದ್ದೆ ಬರಲಿಲ್ಲ.

ಹೊಸ ಬೋರ್ಡ್ ನಾಲ್ಕು ಲೇಯರ್. ಒಳಗಿನ ಎರಡೂ ಗ್ರೌಂಡ್, ಎಲ್ಲೂ ಸೀಳಿಲ್ಲ. ಒಂದನ್ನು ಪವರ್‌ಗೆ ಕೊಡುವವರೇ ಜಾಸ್ತಿ. ಇಂಥ ಚಿಕ್ಕ ಬೋರ್ಡಿಗೆ ಎರಡೂ ಗ್ರೌಂಡೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಪವರನ್ನು ಹೊರಗಿನ ಲೇಯರ್‌ಗಳಲ್ಲಿ ಅಗಲ ತಾಮ್ರದಲ್ಲಿ ಹಂಚಬಹುದು. ಟ್ರೇಸಿಗೂ ಗ್ರೌಂಡಿಗೂ ನಡುವೆ 0.2 ಮಿ.ಮೀ. ಇದ್ದದ್ದರಿಂದ ಟ್ರೇಸ್ ಸಿಗ್ನಲ್ ಅಲೆಗೆ ಒಡ್ಡುವ ತಡೆ (ಇಂಪಿಡೆನ್ಸ್) 50 ಓಮ್ ಆಗಲು ಸುಮಾರು 0.35 ಮಿ.ಮೀ. ಅಗಲ ಸಾಕಾಯಿತು. ಹಳೆಯ ಬೋರ್ಡಿನಲ್ಲಿ ಅದಕ್ಕೆ 3 ಮಿ.ಮೀ. ಬೇಕಿತ್ತು. ಸೆನ್ಸರ್ ಮತ್ತು ಕಂಟ್ರೋಲರನ್ನು ಹತ್ತಿರ ತಂದೆ. ಟ್ರೇಸ್ ಲೇಯರ್ ಬದಲಿಸುವಲ್ಲೆಲ್ಲ ಪಕ್ಕದಲ್ಲೊಂದು ಗ್ರೌಂಡ್ ವಯಾ (ಲೇಯರ್‌ಗಳನ್ನು ಜೋಡಿಸುವ ತಾಮ್ರ ಬಳಿದ ತೂತು) ಇಟ್ಟೆ.

ಡೇಟಾ ಟ್ರೇಸ್‌ಗಳನ್ನು ಹಾವಿನ ಹಾಗೆ ಸುತ್ತಿಸಿ ಉದ್ದ ಸಮ ಮಾಡಲಿಲ್ಲ. ಒಂದು ಸೆಂ.ಮೀ. ವ್ಯತ್ಯಾಸಕ್ಕೆ ಸುಮಾರು 65 ಪಿಕೋಸೆಕೆಂಡ್. ಕ್ಲಾಕಿನ ಒಂದು ಸುತ್ತು ಸುಮಾರು 42 ನ್ಯಾನೋಸೆಕೆಂಡ್. ಬಹಳ ವೇಗದ ಡಿಡಿಆರ್ ಮೆಮೊರಿಗೆ ಉದ್ದ ಸಮ ಮಾಡುವುದು ಬೇಕು, ಇಲ್ಲಿ ಸುಮ್ನೆ ಜಾಗ ಹಾಳು.

ಬೋರ್ಡ್ ಈಗ ಮಾವನ ಯಂತ್ರದಲ್ಲಿ ಓಡುತ್ತಿದೆ. ಮುಂದಿನದು ಯುಎಸ್‌ಬಿ, ಸೆಕೆಂಡಿಗೆ 480 ಮೆಗಾಬಿಟ್, 90 ಓಮ್‌ನ ಜೋಡಿ ಟ್ರೇಸ್. ಲೇಯರ್‌ಗಳ ನಡುವಿನ ದಪ್ಪ ಎಷ್ಟು ಅಂತ ಬೋರ್ಡ್ ಮಾಡುವವರಿಗೆ ಮೇಲ್ ಹಾಕಿದ್ದೇನೆ. ಉತ್ತರ ಬಂದ ಮೇಲೆ ಟ್ರೇಸ್ ಎಳೆಯಲು ಶುರು.