ಹರಗಣ

ಆಯಿ, ಅಂದರೆ ನನ್ನ ಅಮ್ಮ, ಬಂದಿದ್ದು ಕಳೆದ ವರ್ಷ ಆಷಾಢದಲ್ಲಿ. ಶಿರಸಿ ಕಡೆಯಿಂದ ಘಟ್ಟ ಇಳಿದು, ಎರಡು ಬಸ್ಸು ಬದಲಿಸಿ, ಸಂಜೆ ಆರರ ಹೊತ್ತಿಗೆ ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಫ್ಲ್ಯಾಟಿಗೆ ಮುಟ್ಟಿದಳು. ಒಂದು ಕೈಯಲ್ಲಿ ಅಪ್ಪೆಮಿಡಿಯ ಡಬ್ಬಿ, ಹೆಗಲಲ್ಲಿ ನೆಂದ ಚೀಲ. ಕೂರೋಣವೆಂದು ಕುರ್ಚಿ ನೋಡಿದಳು. ಇದ್ದವು ಮೂರು. ಒಂದರ ಮೇಲೆ ಅರೆಬರೆ ಒಣಗಿದ ಯೂನಿಫಾರ್ಮು, ಇನ್ನೊಂದರ ಮೇಲೆ ಟವೆಲ್ಲಿನ ಗುಡ್ಡೆ. ಮೂರನೆಯದರ ಬೆನ್ನಿಗೆ ಮಗನ ರೇನ್‌ಕೋಟು. ಅದರ ತೋಳಿನಿಂದ ನೀರು ತೊಟ್ಟಿಕ್ಕಿ ಕೆಳಗಿದ್ದ ಮಗಳ ಕನ್ನಡ ನೋಟ್‌ಬುಕ್ಕಿನ ಮೇಲೆ ಬೀಳುತ್ತಿತ್ತು.

“ಎಂತ ಹರಗಣ ಮಾರಾಯ ಇದು! ಕೂತ್ಕಂಬಲೆ ಜಾಗ ಇಲ್ಯಲಾ ತಮಾ” ಅಂದಳು.

ಹರಗಣ ಅಂದರೆ ನಮ್ಮ ಕಡೆ ಕಸವೂ ಅಲ್ಲ, ಕೊಳೆಯೂ ಅಲ್ಲ. ಬೇಕಾದ ಸಾಮಾನುಗಳೇ ಬೇಡದ ಕಡೆ ಬಿದ್ದುಕೊಂಡಿರುವುದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವ. ಹೆಂಡತಿ ನರ್ಸ್, ವಾರಕ್ಕೊಂದು ಪಾಳಿ. ಮಗಳು ನಾಲ್ಕನೇ ಕ್ಲಾಸು, ಮಗ ಯುಕೆಜಿ. ಇಬ್ಬರೂ ದುಡಿಯುವವರು, ಮಕ್ಕಳು ಸಣ್ಣವು, ಮೇಲಿಂದ ಈ ಮಳೆ ಎಂದು ಸಮಜಾಯಿಷಿ ಕೊಟ್ಟೆ. ಆಯಿ ಟವೆಲ್ಲಿನ ಗುಡ್ಡೆಯನ್ನು ಎತ್ತಿ ಮಂಚಕ್ಕೆ ಹಾಕಿ, ಕೂತು, ಚಾ ಕುಡಿದಳು. ಗುಡ್ಡೆ ಕುರ್ಚಿಯಿಂದ ಮಂಚಕ್ಕೆ ಹೋಯಿತು ಅಷ್ಟೇ. ನಾನೂ ದಿನಾ ಮಾಡುತ್ತಿದ್ದುದು ಅದನ್ನೇ.

ನಮ್ಮ ಮನೆಗೆ ಬೆಳಿಗ್ಗೆ ಒಂದು ತಾಸು ಮನೆಗೆಲಸದ ಬಾಯಿ ಬರುತ್ತಾರೆ. ಸದಾಶಿವಗಡದ ಕಡೆಯವರು, ಐವತ್ತು ದಾಟಿದವರು. ಆಯಿ ಹೋದ ಮರುದಿನ ಅವರ ಹತ್ತಿರ “ಅಕ್ಕಾ, ಇನ್ನು ಅರ್ಧ ತಾಸು ಹೆಚ್ಚು ಬರಲಿಕ್ಕೆ ಆಗ್ತದಾ? ದುಡ್ಡು ಹೆಚ್ಚು ಕೊಡ್ತೇನೆ” ಅಂದೆ. ಪೊರಕೆ ಗೋಡೆಗೆ ಒರಗಿಸಿ, “ಸಾರ್, ಗುಡಿಸೂದು ಒರೆಸೂದು ನಾ ಮಾಡ್ತೆ. ನೆಲ ಕಾಣೂ ಹಂಗೆ ಮಾಡೂದು ನಿಮ್ಮ ಕೆಲ್ಸ” ಅಂದರು.

ಇಷ್ಟು ವರ್ಷ ಎರಡನ್ನೂ ಒಂದೇ ಕೆಲಸ ಅಂದುಕೊಂಡಿದ್ದೆ. ಗುಡಿಸಲು ಹದಿನೈದು ನಿಮಿಷ ಸಾಕು. ದಿನವನ್ನೆಲ್ಲ ತಿನ್ನುತ್ತಿದ್ದುದು ಎತ್ತಿಡುವ ಕೆಲಸ, ಅದೂ ಎತ್ತಿದ್ದನ್ನು ಎಲ್ಲಿಡಬೇಕೆಂದು ಗೊತ್ತಿಲ್ಲದ ಎತ್ತಿಡುವಿಕೆ.

ಮೇಷ್ಟ್ರ ಚಾಳಿ, ಒಂದು ವಾರ ಹಳೇ ಡೈರಿಯಲ್ಲಿ ಲೆಕ್ಕ ಬರೆದೆ. ಶಾಲೆಯಿಂದ ಬಂದ ಮೇಲೆ ಊಟದವರೆಗೆ ಎಷ್ಟು ಸಲ ಬಗ್ಗಿದೆ, ಯಾವುದಕ್ಕೆ ಬಗ್ಗಿದೆ. ಆಟದ ಸಾಮಾನೇ ಮುಖ್ಯ ತಪ್ಪಿತಸ್ಥ ಅಂತ ನನ್ನ ಅಂದಾಜಿತ್ತು. ವಾರದ ಕೊನೆಗೆ ನೋಡಿದರೆ ಮೂರರಲ್ಲಿ ಎರಡು ಪಾಲು ಒದ್ದೆ ಅಥವಾ ಅರೆ ಒದ್ದೆ ಸಾಮಾನು: ಸಾಕ್ಸು, ಟವೆಲ್ಲು, ಕೊಡೆ, ರೇನ್‌ಕೋಟು, ನೆಂದ ಚೀಲ, ಒಣಗಿದೆಯೋ ಇಲ್ಲವೋ ಎಂದು ಮೂಸಿ ನೋಡಬೇಕಾದ ಬಟ್ಟೆ. ಒಣಗಿದ್ದಕ್ಕೆ ಕಪಾಟಿದೆ, ಕೊಳೆಯಾದದ್ದಕ್ಕೆ ಬುಟ್ಟಿ ಇದೆ. ಎರಡರ ನಡುವೆ ಇರುವ ಒದ್ದೆಗೆ ನಮ್ಮ ಮನೆಯಲ್ಲಿ ಊರೇ ಇರಲಿಲ್ಲ. ಅದು ಕುರ್ಚಿಯ ಮೇಲೆ ಬಂದು ಕೂರುತ್ತಿತ್ತು.

ಆಯಿಯ ಮನೆಯಲ್ಲಿ ಈ ಕಷ್ಟ ಯಾಕಿರಲಿಲ್ಲ ಎಂದು ಆಮೇಲೆ ಹೊಳೆಯಿತು. ಅಲ್ಲಿ ಕಂಬಳಿ ಕೊಪ್ಪೆಗೆ ಹೊರಜಗಲಿಯಲ್ಲಿ ಗೂಟ. ಕಾಲು ತೊಳೆಯಲು ಅಂಗಳದ ಮೂಲೆಯಲ್ಲಿ ಕಲ್ಲು, ತಂಬಿಗೆ. ಬಟ್ಟೆಗೆ ಬಚ್ಚಲ ಒಲೆಯ ಮೇಲೆ ಕಟ್ಟಿದ ಬಿದಿರ ಗಳ. ಹೊಗೆ ವಾಸನೆ ಬರುತ್ತಿತ್ತು ನಿಜ, ಆದರೆ ಬೆಳಗಾಗುವುದರೊಳಗೆ ಅಂಗಿ ಗರಿಗರಿ. ಒದ್ದೆ ಅನ್ನುವುದು ನಡುಮನೆಗೆ ಬರುತ್ತಲೇ ಇರಲಿಲ್ಲ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಅಂಥ ಊರಿನಲ್ಲಿ ಬಾಗಿಲು ತೆಗೆದರೆ ನೇರ ಸೋಫಾ ಸಿಗುವ ಮನೆ ಕಟ್ಟಿದ್ದಾರೆ. ಜಗಲಿ ಇಲ್ಲದ ಮನೆಗೆ ಜಗಲಿ ನಾನೇ ಮಾಡಬೇಕಾಯಿತು.

ಬಾಗಿಲ ಹೊರಗೆ ಎರಡಡಿ ಜಾಗ ಇತ್ತು. ಅಲ್ಲಿ ಕೊಡೆಗೆ ಒಂದು ಹಳೇ ಪೇಂಟಿನ ಬಕೆಟ್ಟು, ಚಪ್ಪಲಿಗೆ ತೂತಿನ ಪ್ಲಾಸ್ಟಿಕ್ ಕ್ರೇಟು. ಗೋಡೆಗೆ ನಾಲ್ಕು ಹುಕ್ಕು, ಎರಡು ನಮ್ಮ ಎತ್ತರಕ್ಕೆ, ಎರಡು ನೆಲದಿಂದ ಮೂರಡಿಗೆ. ಆ ಮೂರಡಿಯ ಹುಕ್ಕಿನಷ್ಟು ಕೆಲಸ ಬೇರೆ ಯಾವುದೂ ಮಾಡಿಲ್ಲ. ಮೊದಲು ಮಗ ರೇನ್‌ಕೋಟು ಬಿಚ್ಚಿ ನನ್ನ ಕೈಗೆ ಕೊಡುತ್ತಿದ್ದ, ನಾನು ಅದನ್ನು “ಸದ್ಯಕ್ಕೆ” ಕುರ್ಚಿಗೆ ಹಾಕುತ್ತಿದ್ದೆ. ಈಗ ಅವನೇ ಸಿಕ್ಕಿಸುತ್ತಾನೆ. ಐದು ವರ್ಷದವನಿಗೆ ಶಿಸ್ತು ಬಂತೆಂದು ನೆಂಟರು ಹೊಗಳಿದರು. ಬಂದದ್ದು ಶಿಸ್ತಲ್ಲ, ಕೈಗೆ ಎಟುಕುವ ಹುಕ್ಕು.

ಹೊಯಿಗೆಯದ್ದು, ಅಂದರೆ ಮರಳಿನದ್ದು, ಬೇರೆ ಕಥೆ. ಮಳೆ ಬಿಟ್ಟ ಗಳಿಗೆ ಸಿಕ್ಕರೆ ಮಕ್ಕಳಿಗೆ ಟಾಗೋರ್ ಬೀಚು ಬೇಕು. ಬಂದ ಮೇಲೆ ಮೊಣಕಾಲವರೆಗೆ ಹೊಯಿಗೆ. ಹೆಚ್ಚಿನವರು ಮಾಡುವ ತಪ್ಪು ಒದ್ದೆ ಹೊಯಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು. ಅದು ಹೋಗುವುದಿಲ್ಲ, ಹರಡುತ್ತದೆ. ಕೆಳಗಿನ ನಲ್ಲಿಯಲ್ಲಿ ತೊಳೆಯಲು ಆಗದಿದ್ದರೆ ಕಾಲಿಗೆ ಒಂದು ಹಿಡಿ ಪೌಡರು ಉದುರಿಸಿ ಕೈಯಲ್ಲಿ ಸವರಿ. ಪೌಡರು ನೀರು ಹೀರಿಕೊಂಡು ಹೊಯಿಗೆ ತಾನಾಗಿ ಉದುರುತ್ತದೆ. ನೆಲಕ್ಕೆ ಬಿದ್ದದ್ದನ್ನು ಒಣಗುವ ತನಕ ಬಿಟ್ಟು ಆಮೇಲೆ ಗುಡಿಸಿ.

ಬೀಚಿಗೆ ಹಾಕಿಕೊಂಡು ಹೋದ ಬಟ್ಟೆಯನ್ನು ಮಾತ್ರ ಬಿಡಬಾರದು, ಅಂದೇ ಸಿಹಿನೀರಿನಲ್ಲಿ ಜಾಲಿಸಬೇಕು. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದು ಕರಗತೊಡಗುತ್ತದೆ. ನಮ್ಮಲ್ಲಿ ಮಳೆಗಾಲದ ತೇವಾಂಶ 75ಕ್ಕಿಂತ ಇಳಿಯುವುದೇ ಅಪರೂಪ. ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುವುದೂ, ಸಮುದ್ರದ ನೀರು ತಾಗಿದ ಚಡ್ಡಿ ಮೂರು ದಿನವಾದರೂ ಜಿಗಿಜಿಗಿ ಅನ್ನುವುದೂ ಒಂದೇ ಕಾರಣಕ್ಕೆ.

ಆ 75 ನನಗೆ ಇನ್ನೊಂದು ಕೆಲಸಕ್ಕೂ ಬಂತು. ತೇವಾಂಶ ಅಳೆಯುವ ಸಣ್ಣ ಡಿಜಿಟಲ್ ಮೀಟರು ಐನೂರು ರೂಪಾಯಿಯೊಳಗೆ ಸಿಗುತ್ತದೆ. ಅಗ್ಗದ್ದು ಸುಳ್ಳು ಹೇಳುತ್ತದೆಯೇ ಎಂದು ನೋಡಲು, ಒಂದು ಮುಚ್ಚಳದಲ್ಲಿ ಉಪ್ಪು ಹಾಕಿ, ಗಂಜಿಯಂತಾಗುವಷ್ಟು ನೀರು ಬೆರೆಸಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಎಂಟು ತಾಸು ಇಟ್ಟೆ. ಸರಿಯಾದ ಮೀಟರು 75 ತೋರಿಸಬೇಕು. ನನ್ನದು 79 ತೋರಿಸಿತು. ಹಾಗಾಗಿ ಅದು ಹೇಳಿದ್ದರಲ್ಲಿ ನಾಲ್ಕು ಕಳೆದು ಓದುತ್ತೇನೆ.

ಕಳೆದ ಜುಲೈಯ ಒಂದು ರಾತ್ರಿ ಆ ನಾಲ್ಕು ಕಳೆದ ಮೇಲೂ ಮಕ್ಕಳ ಕೋಣೆ 93. ಕಿಟಕಿ ಮುಚ್ಚಿತ್ತು, ಫ್ಯಾನಿನ ಕೆಳಗೆ ಸ್ಟ್ಯಾಂಡಿನಲ್ಲಿ ಭಾನುವಾರದ ಇಡೀ ಬಟ್ಟೆ. ಇದರಲ್ಲಿ ಎಷ್ಟು ನೀರಿರಬಹುದು ಎಂದು ಸೂಟ್‌ಕೇಸು ತೂಗುವ ಕೊಕ್ಕೆ ತಕ್ಕಡಿ ತಂದೆ. ಮುಂದಿನ ಸಲ ತೊಳೆಯುವ ಮೊದಲು ಬಟ್ಟೆ 4.2 ಕೆಜಿ. ಮಷಿನ್ನಿನಿಂದ ಹಿಂಡಿ ಬಂದ ಮೇಲೆ 6.3. ಅಂದರೆ ಎರಡು ಲೀಟರಿಗೂ ಹೆಚ್ಚು ನೀರನ್ನು ನಾನೇ ಹೊತ್ತು ತಂದು ಮಕ್ಕಳು ಮಲಗುವ ಕೋಣೆಯಲ್ಲಿ ಹರವುತ್ತಿದ್ದೆ! ಇನ್ನೊಂದು ಸಲ ಬರೀ ಸ್ಪಿನ್ ಹಾಕಿ ತೂಗಿದೆ, 5.9. ನಾಲ್ಕು ನೂರು ಗ್ರಾಂ ನೀರು ಐದು ನಿಮಿಷದಲ್ಲಿ ಹೋಯಿತು. ಆ ಎರಡನೇ ಸ್ಪಿನ್ನನ್ನು ಮಳೆಗಾಲದಲ್ಲಿ ಒಂದು ದಿನವೂ ತಪ್ಪಿಸಿಲ್ಲ.

ಅದರ ಜೊತೆಗೆ ಭಾನುವಾರದ ದೊಡ್ಡ ತೊಳೆಯುವಿಕೆ ನಿಲ್ಲಿಸಿ ದಿನಕ್ಕೊಂದು ಸಣ್ಣ ಹೊರೆ ಮಾಡಿದೆವು. ಒಣಗಿಸಲು ಒಂದೇ ಜಾಗ, ಅಡುಗೆಮನೆ ಹಿಂದಿನ ಬಾಲ್ಕನಿ. ಅಲ್ಲಿಗೆ ಒಂದು ಟೇಬಲ್ ಫ್ಯಾನು. ಹೊರಗಿನ ಗಾಳಿಯೂ ತೊಂಬತ್ತರದ್ದೇ ಇರಬಹುದು, ಆದರೆ ಓಡಾಡುವ ತೊಂಬತ್ತು ನಿಂತ ತೊಂಬತ್ತಕ್ಕಿಂತ ವಾಸಿ. ಬಟ್ಟೆಗಳ ನಡುವೆ ನಾಲ್ಕು ಬೆರಳು ಜಾಗ ಬಿಡದಿದ್ದರೆ ಫ್ಯಾನು ಹಾಕಿಯೂ ಉಪಯೋಗ ಇಲ್ಲ. ಯೂನಿಫಾರ್ಮಿನ ಸೊಂಟಪಟ್ಟಿ, ಕಿಸೆ ಕೊನೆಗೆ ಒಣಗುವವು. ಅವನ್ನು ಒಳಗು ಹೊರಗು ಮಾಡಿ ಹಾಕಿ, ಬೆಳಿಗ್ಗೆ ಇಸ್ತ್ರಿಪೆಟ್ಟಿಗೆಯಲ್ಲಿ ಮುಗಿಸುತ್ತೇನೆ.

ದಪ್ಪ ಟವೆಲ್ಲುಗಳನ್ನು ಜೂನ್ ಒಂದಕ್ಕೆ ಕಟ್ಟಿ ಮೇಲಿಡುತ್ತೇವೆ. ಆಯಿ ಆರು ಪಾಣಿಪಂಚೆ ಕಳಿಸಿದ್ದಳು. ತೆಳ್ಳಗಿನ ಹತ್ತಿ, ಮೈ ಒರೆಸಿ ಹಿಂಡಿ ಹಾಕಿದರೆ ಸಂಜೆಯೊಳಗೆ ಒಣಗುತ್ತದೆ. ಹೆಂಡತಿಗೆ ಮೊದಲು ಇಷ್ಟವಾಗಲಿಲ್ಲ, “ಇದರಲ್ಲಿ ತಲೆ ಒರೆಸಿದ ಹಾಗೇ ಅನಿಸೂದಿಲ್ಲ” ಅಂದಳು. ಅವಳ ತಲೆಗೆ ಒಂದು ಟವೆಲ್ಲು ರಿಯಾಯಿತಿ.

ಕಪಾಟಿನ ಪಾಠ ಕಲಿತದ್ದು ನಷ್ಟದಿಂದ. ಶ್ರಾವಣದ ಒಂದು ಪೂಜೆಗೆಂದು ಅವಳು ಮದುವೆಯ ರೇಷ್ಮೆ ಸೀರೆ ತೆಗೆದರೆ ಮಡಿಕೆಯ ಉದ್ದಕ್ಕೂ ಬೂದು ಬಣ್ಣದ ಬೂಸ್ಟು. ನನ್ನ ಚರ್ಮದ ಬೆಲ್ಟು ಹಸಿರಾಗಿತ್ತು. ಕಪಾಟು ನಿಂತಿದ್ದು ಪಡುವಣ ಗೋಡೆಗೆ ಅಂಟಿಕೊಂಡು. ಕಡಲ ಮೇಲಿಂದ ಬರುವ ಮಳೆ ನೇರ ಹೊಡೆಯುವುದು ಆ ಗೋಡೆಗೇ. ಕಪಾಟು ಸರಿಸಿದಾಗ ಹಿಂದಿನ ಸುಣ್ಣ ಕೈಗೆ ಬಂತು. ಒದ್ದೆ ಗೋಡೆ, ಆಡದ ಗಾಳಿ, ಒಳಗೆ ನಾವೇ ಅವಸರದಲ್ಲಿ ತುರುಕಿದ ಮುಕ್ಕಾಲು ಒಣಗಿದ ಬಟ್ಟೆ. ಬೂಸ್ಟಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಕಪಾಟನ್ನು ಒಳಗೋಡೆಗೆ ಸಾಗಿಸಿ ನಾಲ್ಕಿಂಚು ಅಂತರ ಬಿಟ್ಟೆವು. ವಾರಕ್ಕೆರಡು ಸಲ ಬಾಗಿಲು ತೆರೆದು ಅರ್ಧ ತಾಸು ಫ್ಯಾನು. ಒಳಗೆ ಮುಕ್ಕಾಲು ಪಾಲಿಗಿಂತ ಹೆಚ್ಚು ತುಂಬುವಂತಿಲ್ಲ. ಈ ಕಟ್ಟಳೆಯಿಂದಾಗಿ ಹಾಕದ ಬಟ್ಟೆಗಳ ಎರಡು ಚೀಲ ಮನೆಯಿಂದ ಹೊರಟವು. ನುಸಿಗುಳಿಗೆ ಇಡುವುದಿಲ್ಲ. ಅದರ ನ್ಯಾಫ್ತಲಿನ್ ಕೆಲವು ಕೂಸುಗಳ ರಕ್ತಕ್ಕೆ ತೊಂದರೆ ಮಾಡುತ್ತದೆ ಎಂದು ನರ್ಸಮ್ಮನ ಕಟ್ಟಪ್ಪಣೆ, ಮಗ ಹುಟ್ಟಿದಾಗಿನಿಂದ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಗಳನ್ನು ತಂದೆ, ಮೂರು ವಾರಕ್ಕೆ ಒಂದೊಂದರಲ್ಲೂ ಲೋಟದಷ್ಟು ನೀರು. ಮೀಟರು 68ಕ್ಕೆ ಇಳಿಯಿತು, ನಾನು ಮೆರೆದೆ. ಒಂದು ಡಬ್ಬಿಯನ್ನು ಕೆಳತಟ್ಟಿನಲ್ಲಿ ಇಟ್ಟಿದ್ದು ನನ್ನ ತಪ್ಪು. ಮಗ ಕಾರು ಓಡಿಸುತ್ತ ಅದನ್ನು ಕವುಚಿದ. ಆ ನೀರು ಬರೀ ನೀರಲ್ಲ, ಉಪ್ಪಿನ ದ್ರಾವಣ, ಒರೆಸಿದಷ್ಟೂ ಒಣಗುವುದಿಲ್ಲ. ಹೆಂಡತಿಯ ಚರ್ಮದ ಬ್ಯಾಗು ಸುಕ್ಕುಗಟ್ಟಿ ಹೋಯಿತು. ಈಗ ಡಬ್ಬಿ ಏನಿದ್ದರೂ ಮೇಲಿನ ತಟ್ಟಿನಲ್ಲಿ, ಸ್ಟೀಲ್ ಬೋಗುಣಿಯ ಒಳಗೆ.

ಇನ್ನೊಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ, ವಿಜ್ಞಾನ ಕಲಿಸುವವನು ಹೇಳಿಕೊಳ್ಳಬಾರದ್ದು. ಬಚ್ಚಲಿನ ಕಪ್ಪು ತೆಗೆಯಲು ಆ್ಯಸಿಡ್ ಸುರಿದಿದ್ದೆ. ಸಾಲದೆಂದು ಅದರ ಮೇಲೆಯೇ ಬ್ಲೀಚಿಂಗ್ ಪೌಡರು ಎರಚಿದೆ. ಎರಡು ಸೇರಿದರೆ ಕ್ಲೋರಿನ್ ಅನಿಲ. ಕಣ್ಣು ಉರಿದು, ಕೆಮ್ಮುತ್ತ ಹೊರಗೆ ಓಡಿದೆ. ಈಗ ಆ್ಯಸಿಡ್ ಮನೆಗೇ ಬರುವುದಿಲ್ಲ. ದಿನಾ ಕೊನೆಗೆ ಸ್ನಾನ ಮಾಡಿದವರು ವೈಪರಿನಲ್ಲಿ ಗೋಡೆ, ನೆಲ ಎಳೆದು ಹೊರಬರಬೇಕು. ನೀರು ನಿಲ್ಲದಿದ್ದರೆ ಕಪ್ಪೂ ಕಟ್ಟುವುದಿಲ್ಲ.

ಆಟದ ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ಬುಟ್ಟಿ, ಒಂದು ಕೆಳಗೆ, ಎರಡು ಲಾಫ್ಟಿನಲ್ಲಿ, ತಿಂಗಳಿಗೊಮ್ಮೆ ಬದಲು. ಫ್ರಿಜ್ಜಿಗೆ ಅಂಟಿಸಿದ್ದ ಕೆಲಸದ ಚಾರ್ಟು, ಚುಕ್ಕಿ, ಬಹುಮಾನ ಎಲ್ಲ ಎರಡು ವಾರಕ್ಕೆ ಸೋತವು. ತೇವಕ್ಕೆ ಅಂಟು ಬಿಟ್ಟು ಚಾರ್ಟು ಬಿದ್ದಾಗ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಡೆದದ್ದು ಕುಕ್ಕರಿನ ಆಟ. ರಾತ್ರಿ ಬೇಳೆಗೆ ಕುಕ್ಕರ್ ಇಟ್ಟ ಕೂಡಲೇ ಮೂವರೂ ಎತ್ತಿಡಲು ಶುರು, ನಾಲ್ಕನೇ ಸೀಟಿಗೆ ನಿಲ್ಲಿಸಬೇಕು. ಹೆಚ್ಚೆಂದರೆ ಹನ್ನೆರಡು ನಿಮಿಷ. ಉಳಿದದ್ದು ಉಳಿಯಲಿ. ನಿಲ್ಲಿಸಬೇಕೆಂಬ ನಿಯಮ ಮಗಳದ್ದು. ಐದು ನಿಮಿಷ ಎಂದು ಶುರು ಮಾಡಿ ನಾನು ಒಂದು ತಾಸು ದುಡಿಸುತ್ತೇನೆಂದು ಅವಳ ತಕರಾರಿತ್ತು, ತಕರಾರು ನ್ಯಾಯವಾಗಿತ್ತು. ಅವಳ ಅಮ್ಮ ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದು ಮಲಗುವ ವಾರ ಹಗಲು ಮಿಕ್ಸಿ, ಮಷಿನ್ನು, ಮಂಚ ಎಳೆಯುವುದು ಯಾವುದೂ ಇಲ್ಲ. ಆ ವಾರ ಬಟ್ಟೆ ಸಂಜೆ ಆರರ ಮೇಲೆ, ನೆಲ ದಿನ ಬಿಟ್ಟು ದಿನ. ಬಾಯಿಗೂ ಹೇಳಿಟ್ಟಿದ್ದೇವೆ.

ಈ ವರ್ಷ ಆಯಿ ಚೌತಿಗೆ ಮೊದಲು ಬಂದಳು. ಕೊಡೆಯನ್ನು ತಾನಾಗಿ ಬಕೆಟ್ಟಿಗೆ ಹಾಕಿ ಒಳಬಂದು ಕುರ್ಚಿಯಲ್ಲಿ ಕೂತಳು. ಹೊಗಳುತ್ತಾಳೆಂದು ಕಾದೆ. ಊರ ಅಡಿಕೆಗೆ ಕೊಳೆ ರೋಗ ಬಂದದ್ದು, ಮದ್ದು ಹೊಡೆಯಲು ಆಳು ಸಿಗದಿದ್ದದ್ದು ಹೇಳಿದಳು. ಚಾ ಮುಗಿದ ಮೇಲೆ ಮೂಗೆಳೆದು, “ಎಂತದಾ ಅದು ವಾಸನೆ?” ಅಂದಳು. ಹುಡುಕಿದರೆ ಮೂರಡಿಯ ಹುಕ್ಕಿನಲ್ಲಿ ತೂಗುತ್ತಿದ್ದ ರೇನ್‌ಕೋಟಿನ ಕಿಸೆಯಲ್ಲಿ ಎರಡು ಶಂಖದ ಹುಳ, ಅದೂ ಯಾವಾಗಿನದೋ. ಮಗ ಅವನ್ನು ಸಾಕುತ್ತಿದ್ದನಂತೆ.