ದೋಹಾಕ್ಕೆ ಹೊರಟಿರಾ? ಮೊದಲು ಹೋಟೆಲ್, ಆಮೇಲೆ ಟಿಕೆಟ್

ಕತಾರ್ ವೀಸಾ ಭಾರತೀಯರಿಗೆ ಪುಕ್ಕಟೆ, ದೋಹಾದಲ್ಲಿ ಇಳಿದ ಮೇಲೆ 30 ದಿನಕ್ಕೆ ಸಿಗುತ್ತದೆ. ಇಷ್ಟನ್ನೇ ಕೇಳಿಸಿಕೊಂಡು ಹೊರಟವರು ಬೆಂಗಳೂರಿನ ಚೆಕ್‌ಇನ್ ಕೌಂಟರಿನಲ್ಲೇ ಬೆವರುತ್ತಾರೆ.

ಮೊದಲ ಹೆಜ್ಜೆ, ಹೋಟೆಲ್. ಹೆಚ್ಚಿನವರು ಎಡವುವುದು ಇಲ್ಲೇ. ನೀವು ಸದಾ ಬಳಸುವ ಆ್ಯಪ್‌ನಲ್ಲಿ ಮಾಡಿದ ಬುಕಿಂಗ್ ಈ ವೀಸಾಕ್ಕೆ ನಡೆಯುವುದಿಲ್ಲ. ಭಾರತೀಯರು 'ಡಿಸ್ಕವರ್ ಕತಾರ್' ಜಾಲತಾಣದ ಮೂಲಕವೇ ಕೊಠಡಿ ಕಾದಿರಿಸಬೇಕು, ಅದೂ ಉಳಿಯುವ ಅಷ್ಟೂ ರಾತ್ರಿಗೆ. ಎರಡು ರಾತ್ರಿ ಹೋಟೆಲ್, ಮಿಕ್ಕಿದ್ದು ಭಾವನ ಮನೆಯಲ್ಲಿ ಎಂಬ ಲೆಕ್ಕಾಚಾರ ಬೇಡ. ಬುಕಿಂಗ್‌ನಲ್ಲಿರುವ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ಇನಿಷಿಯಲ್ ಬಿಡಿಸಿ ಬರೆಯುವ ನಮ್ಮವರು ಇದನ್ನು ಎರಡು ಸಲ ನೋಡಬೇಕು. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು, ವಾಪಸು ಟಿಕೆಟ್ ಕೈಯಲ್ಲಿರಬೇಕು. 'ಡಮ್ಮಿ ಬುಕಿಂಗ್ ಮಾಡಿಕೊಡ್ತೀವಿ ಸಾರ್' ಎನ್ನುವ ಏಜೆಂಟರ ಹತ್ತಿರ ಸುಳಿಯಬೇಡಿ, ಪುಕ್ಕಟೆ ವೀಸಾಕ್ಕೆ ದುಡ್ಡು ಕೇಳುವವರ ಹತ್ತಿರವಂತೂ ಬೇಡವೇ ಬೇಡ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಕೊಳ್ಳುವ ದಿನವೇ ಇನ್ನೊಮ್ಮೆ ಪರಿಶೀಲಿಸಿ.

ಸೂಟ್‌ಕೇಸು ತುಂಬುವಾಗ ಗಸಗಸೆ ಪೊಟ್ಟಣ, ಇ-ಸಿಗರೇಟು, ಮದ್ಯ ಹೊರಗಿಡಿ. ಟ್ರಮಡಾಲ್, ಕೋಡೀನ್‌ನಂಥ ನೋವಿನ ಔಷಧಿಗೆ ಅಲ್ಲಿ ಬಿಗಿ ಕಾನೂನು. ವೈದ್ಯರ ಚೀಟಿ ಇದೆ ಎಂದು ಧೈರ್ಯ ಮಾಡದೆ ಮೊದಲೇ ವಿಚಾರಿಸಿಕೊಳ್ಳಿ.

ಊರು ಸುತ್ತಲು ಮೆಟ್ರೊ ಸಾಕು. ಕಾರ್ಡಿಗೆ 10 ರಿಯಾಲ್, ಒಂದು ಪ್ರಯಾಣಕ್ಕೆ 2, ದಿನವಿಡೀ ಸುತ್ತಿದರೂ 6 ದಾಟುವುದಿಲ್ಲ. ಗೋಲ್ಡ್‌ಕ್ಲಬ್ ಎಂಬ ಮೇಲ್ದರ್ಜೆಯಲ್ಲಿ ಪ್ರಯಾಣದ ದರ ಇದರ ಐದು ಪಟ್ಟು. ತಲುಪುವುದು ಅದೇ ಹೊತ್ತಿಗೆ, ಆ ದುಡ್ಡಿಗೆ ಕರಕ್ ಚಹಾ ಕುಡಿಯಿರಿ. 'ಫ್ಯಾಮಿಲಿ' ಎಂದು ಬರೆದ ಕಡೆ ಒಂಟಿ ಗಂಡಸರು ಕೂರುವಂತಿಲ್ಲ. ಮೆಟ್ರೊದ ರೆಡ್, ಗ್ರೀನ್, ಗೋಲ್ಡ್ ಮೂರೂ ಮಾರ್ಗ ಸೇರುವುದು ಮ್ಶೈರೆಬ್ ನಿಲ್ದಾಣದಲ್ಲಿ. ಅಲ್ಲಿಂದ ಗೋಲ್ಡ್ ಲೈನ್ ಹಿಡಿದರೆ ಸೂಕ್ ವಾಕಿಫ್ ಎಂಬ ಹಳೆಯ ಪೇಟೆ, ಮುಂದೆ ನ್ಯಾಷನಲ್ ಮ್ಯೂಸಿಯಂ. ಶುಕ್ರವಾರ ಬೆಳಿಗ್ಗೆ ಊರು ಬಹುಪಾಲು ಮುಚ್ಚಿರುತ್ತದೆ, ನಿದ್ದೆ ಮಾಡಿ.

ವಾಪಸು ಹೊರಟಾಗ ಮಾತ್ರ ಕಣ್ಣು ತೆರೆದಿರಲಿ. ರೆಡ್ ಲೈನ್ ಓಖ್ಬಾ ಇಬ್ನ್ ನಾಫಿ ನಿಲ್ದಾಣದಲ್ಲಿ ಕವಲೊಡೆಯುತ್ತದೆ: ಒಂದು ವಿಮಾನ ನಿಲ್ದಾಣಕ್ಕೆ, ಇನ್ನೊಂದು ಅಲ್ ವಕ್ರಾಕ್ಕೆ. ಕೆಂಪು ಮಾರ್ಗವೆಂದು ಬಂದ ರೈಲು ಹತ್ತಬೇಡಿ, ಫಲಕದಲ್ಲಿ ಕೊನೆಯ ನಿಲ್ದಾಣದ ಹೆಸರು ಓದಿ ಹತ್ತಿ. ತಪ್ಪಿ ಹತ್ತಿದ್ದರೂ ಓಖ್ಬಾದಲ್ಲೇ ಇಳಿದು ರೈಲು ಬದಲಿಸಿಬಿಟ್ಟರೆ ವಿಮಾನ ಸಿಗುತ್ತದೆ.